ವಂಶಾವಳಿ ಸಮ್ಮೇಳನದಿಂದ ನಾವು ಕಲಿತ ನಾಲ್ಕು ಪಾಠಗಳು

ವ್ಯಾಪಾರಸ್ಥರಾದ ನಮಗೆ ಲೆಕ್ಕ ಬರೆಯುವುದನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಯಾರಿಂದ ಎಷ್ಟು ಬರಬೇಕು, ಯಾರಿಗೆ ಎಷ್ಟು ಕೊಡಬೇಕು ಎಂಬುದೆಲ್ಲ ಕಿರ್ದಿ-ಖತಾವಣಿಯಲ್ಲಿ ಪೈಸೆಪೈಸೆಗೂ ಇರುತ್ತದೆ. ಆದರೆ ಅಜ್ಜನ ತಾಯಿಯ ಹೆಸರೇನು ಎಂದು ಕೇಳಿದರೆ ಎಷ್ಟೋ ಮನೆಗಳಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಈ ಬಗ್ಗೆ ಮನೆಯಲ್ಲಿ ಕುಳಿತೇ ನಾವು ಕಲಿತ ಕೆಲವು ಪಾಠಗಳನ್ನು ಸಮಾಜ ಬಾಂಧವರ ಮುಂದೆ ಇಡುತ್ತಿದ್ದೇವೆ.

ಅಮೆರಿಕದ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯಲ್ಲಿ 2011ರಿಂದ 'ರೂಟ್ಸ್‌ಟೆಕ್' ಎಂಬ ವಂಶಾವಳಿ ಸಮ್ಮೇಳನ ನಡೆಯುತ್ತ ಬಂದಿದೆ. ನಡೆಸುವವರು ಫ್ಯಾಮಿಲಿಸರ್ಚ್ ಸಂಸ್ಥೆಯವರು. ಅಲ್ಲಿಯ ಮಾರ್ಮನ್ ಪಂಥದವರು 1894ರಲ್ಲಿ ಆರಂಭಿಸಿದ ವಂಶಾವಳಿ ಸಂಘವೇ ಇದರ ಮೂಲ. ಕೊರೋನಾದ ಕಾರಣ 2021ರಲ್ಲಿ ಇಡೀ ಸಮ್ಮೇಳನವನ್ನು ಆನ್‌ಲೈನ್‌ನಲ್ಲೇ, ಶುಲ್ಕವಿಲ್ಲದೆ ನಡೆಸಿದರು. ಅಂದಿನಿಂದ ಅನೇಕ ಪಾಠಗಳನ್ನು ಯಾರು ಬೇಕಾದರೂ ನೋಡಬಹುದಾಗಿದೆ. ನಾವು ಮ್ಯಾಟ್ರಿಕ್ ಓದಿದವರು, ಅವರ ಇಂಗ್ಲಿಷ್ ನಮಗೆ ಅಷ್ಟಾಗಿ ತಿಳಿಯದು. ಸಂಜೆ ಊಟ ಮುಗಿಸಿ ಕುಳಿತಾಗ ಮೊಮ್ಮಗಳು ನಡುನಡುವೆ ನಿಲ್ಲಿಸಿ ಕನ್ನಡದಲ್ಲಿ ಹೇಳುತ್ತಾಳೆ.

ನಾವು ಮೆಚ್ಚಿದ ಮೊದಲನೆಯ ಪಾಠ, ತನ್ನಿಂದಲೇ ಆರಂಭಿಸಬೇಕು ಎಂಬುದು. ಮೂಲಪುರುಷ ಯಾರೆಂದು ಹುಡುಕುತ್ತ ಮೇಲಿನಿಂದ ಇಳಿಯಬಾರದು. ನಾವು, ನಮ್ಮ ತಂದೆತಾಯಿ, ಅಜ್ಜ-ಅಜ್ಜಿ ಎಂದು ಒಂದೊಂದೇ ಮೆಟ್ಟಿಲು ಹತ್ತಬೇಕು. ಪ್ರತಿಯೊಂದು ಹೆಸರಿನ ಮುಂದೆ ಅದು ಎಲ್ಲಿಂದ ತಿಳಿಯಿತೆಂದು ಬರೆಯಬೇಕು. ಪಾವತಿ ಇಲ್ಲದ ಖರ್ಚನ್ನು ಅಂಗಡಿಯಲ್ಲಿ ನಾವು ಒಪ್ಪುತ್ತೇವೆಯೇ? ಇದೂ ಹಾಗೆಯೇ.

ಎರಡನೆಯದು, ಹೆಣ್ಣುಮಕ್ಕಳ ಹೆಸರು ಮತ್ತು ತವರುಮನೆಯನ್ನು ಬರೆಯಬೇಕು ಎಂಬುದು. ನಮ್ಮ ಮನೆತನದ ಹಳೆಯ ವಂಶಾವಳಿ ಹಾಳೆಯಲ್ಲಿ ಏಳು ತಲೆಮಾರಿನ 31 ಗಂಡಸರ ಹೆಸರುಗಳಿವೆ, ಒಬ್ಬ ಹೆಣ್ಣುಮಗಳ ಹೆಸರೂ ಇಲ್ಲ. ಹತ್ತನೆಯ ಶತಮಾನದ ರನ್ನ ಕವಿ ಮುಧೋಳದ ಬಳೆಗಾರರ ಮನೆಯವನು, ನಮ್ಮಂತೆಯೇ ವ್ಯಾಪಾರದ ಮನೆತನ. ಅವನು ತನ್ನ ತಾಯಿ ಅಬ್ಬಲಬ್ಬೆಯ ಹೆಸರನ್ನು ಕಾವ್ಯದಲ್ಲಿ ಬರೆದಿಟ್ಟ. ಆದ್ದರಿಂದಲೇ ಸಾವಿರ ವರ್ಷಗಳ ಮೇಲೂ ಆ ತಾಯಿಯ ಹೆಸರು ನಮಗೆ ಗೊತ್ತು.

ಮೂರನೆಯದು, ಹಿರಿಯರನ್ನು ಕೇಳುವ ರೀತಿ. ತಾರೀಖು ಕೇಳಿದರೆ ಅವರು ಸುಮ್ಮನಾಗುತ್ತಾರೆ. ಅಡುಗೆ, ಮದುವೆ, ಮನೆಯ ಮಾತು ಕೇಳಬೇಕು, ಅವರ ದನಿಯನ್ನು ಮೊಬೈಲಿನಲ್ಲಿ ಹಿಡಿದಿಡಬೇಕು. ಅಕ್ಕಲಕೋಟೆಯಲ್ಲಿದ್ದ ನಮ್ಮ ಸೋದರತ್ತೆಯವರಿಗೆ ಆಗ 88 ವರ್ಷ. ದಸರಾ ಹೊತ್ತಿಗೆ ಹೋಗಿ, "ಅತ್ತೀ, ನೀವು ಸಣ್ಣವರಿದ್ದಾಗ ಅಡಗಿಮನಿ ಯಾರ ಕೈಯಾಗಿತ್ತು?" ಎಂದು ಕೇಳಿದೆವು. ಎರಡು ದಿನ ಹೇಳುತ್ತಲೇ ಇದ್ದರು. 14 ಹೆಣ್ಣುಮಕ್ಕಳ ಹೆಸರು, ಅವರವರ ತವರೂರು ಸಿಕ್ಕವು. ನಮ್ಮ ಅಜ್ಜನವರಿಗೆ ಮೊದಲೊಬ್ಬ ಹೆಂಡತಿ ಇದ್ದರಂತೆ, ಚೊಚ್ಚಲ ಬಾಣಂತನದಲ್ಲಿ ತೀರಿಕೊಂಡರಂತೆ. ಆ ತಾಯಿಯ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಎತ್ತಿದ್ದನ್ನು ನಾವು ಕೇಳಿರಲಿಲ್ಲ. "ಇಷ್ಟ ದಿನಾ ಯಾರೂ ಕೇಳಿರಲಿಲ್ಲಪ್ಪಾ" ಎಂದರು ಅತ್ತೆ. ಮುಂದಿನ ವೈಶಾಖದಲ್ಲಿ ಅವರೂ ಹೋದರು.

ನಾಲ್ಕನೆಯದು, ಕಾಗದಪತ್ರಗಳ ಜೋಪಾಸನೆ. ಹರಿದ ಹಾಳೆಗೆ ಅಂಟುಪಟ್ಟಿ ಹಚ್ಚಬಾರದು, ಲ್ಯಾಮಿನೇಶನ್ ಮಾಡಿಸಬಾರದು. ಹಳೆಯ ಫೋಟೋದ ಹಿಂದೆ ಪೆನ್ಸಿಲಿನಿಂದ ಹಗುರವಾಗಿ ಹೆಸರು ಬರೆಯಬೇಕು. ಎಲ್ಲದರ ಚಿತ್ರ ತೆಗೆದು ಎರಡು ಕಡೆ ಇಡಬೇಕು. ನಮ್ಮ ಜತ್ತ ಭಾಗ 1948ರ ತನಕ ಸಂಸ್ಥಾನವಾಗಿತ್ತು. ನಮ್ಮ ಅಂಗಡಿಯ ಹಳೆಯ ವಹಿಗಳು ಮೋಡಿ ಲಿಪಿಯಲ್ಲಿವೆ. ತಂದೆಯವರು ಅದನ್ನು ಸರಾಗವಾಗಿ ಓದುತ್ತಿದ್ದರು, ನಮಗೆ ಒಂದಕ್ಷರವೂ ತಿಳಿಯದು. ಮನೆ ಪಾಲಾಗುವಾಗ ಆ ಟ್ರಂಕು ರದ್ದಿಗೆ ಹೊರಟಿತ್ತು, ನಾವು ತಡೆದೆವು. ಈಗ ಮೋಡಿ ಬಲ್ಲವರೊಬ್ಬರಿಂದ ಓದಿಸುತ್ತಿದ್ದೇವೆ. ಸೋದರತ್ತೆಯ ಮದುವೆಯ ಖರ್ಚು, ಬೀಗರ ಊರು, ಸೀರೆಯ ಬೆಲೆ ಸಹಿತ ಅದರಲ್ಲಿದೆ.

ಪರದೇಶದವರಿಗೆ ಆಸರೆಗಳು ಬಹಳ. ಅಮೆರಿಕದಲ್ಲಿ 72 ವರ್ಷ ಕಳೆದ ಮೇಲೆ ಜನಗಣತಿಯ ಹೆಸರುಪಟ್ಟಿಯನ್ನೇ ಜನರಿಗೆ ತೆರೆಯುತ್ತಾರೆ, 1950ರ ಪಟ್ಟಿ 2022ರಲ್ಲಿ ತೆರೆಯಿತು. ನಮ್ಮಲ್ಲಿ 1948ರ ಜನಗಣತಿ ಕಾಯಿದೆಯಂತೆ ಮನೆಮನೆಯ ವಿವರ ಗುಪ್ತವಾಗಿರುತ್ತದೆ. ಹರಿದ್ವಾರದ ಪಂಡರ ಬಹಿಗಳನ್ನು ಫ್ಯಾಮಿಲಿಸರ್ಚಿನವರೇ ಫಿಲ್ಮ್ ಮಾಡಿದ್ದಾರೆ, ಉತ್ತರದ ಅನೇಕ ಮನೆತನಗಳಿಗೆ ಅದು ಆಧಾರ. ಗಡಿನಾಡಿನ ನಮಗೆ ಮಾತ್ರ ಮನೆಯ ವಹಿ ಮತ್ತು ಮುದುಕರ ನೆನಪು, ಇವೆರಡೇ ಹತ್ತಿರದ ಆಸ್ತಿ.

ಬರುವ ದೀಪಾವಳಿಗೆ ಹೊಸ ವಹಿ ಪೂಜೆ ಮಾಡುವಾಗ ಬೇರೊಂದು ಹಾಳೆ ತೆಗೆದುಕೊಂಡು ತಾಯಿ, ಅಜ್ಜಿ, ಮುತ್ತಜ್ಜಿಯ ಹೆಸರು ಮತ್ತು ತವರೂರು ಬರೆಯಿರಿ. ತಿಳಿಯದ ಕಡೆ ಜಾಗ ಬಿಡಿ. ಮನೆಯ ಹಿರಿಯ ಹೆಣ್ಣುಮಕ್ಕಳನ್ನು ಈ ವಾರವೇ ಹೋಗಿ ಕೇಳಿರಿ.