ಬೂದಿಯ ಹುಡುಗಿ, ಹಣ್ಣಿನ ಬುಟ್ಟಿ

ಪ್ಯಾರಿಸ್ ನಗರಕ್ಕೆ ಹೋದವರು ಲೂವ್ರ್ ವಸ್ತುಸಂಗ್ರಹಾಲಯವನ್ನು ನೋಡದೆ ಹಿಂದಿರುಗುವುದು ಅಪರೂಪ. ಸೀನ್ ನದಿಯ ದಂಡೆಯ ಮೇಲೆ ಫ್ರಾನ್ಸಿನ ದೊರೆಗಳು ತಲೆಮಾರುಗಟ್ಟಲೆ ಕಟ್ಟಿಸಿದ ಈ ಅರಮನೆ ಕ್ರಾಂತಿಯ ಕಾಲದಲ್ಲಿ, 1793ರಲ್ಲಿ, ಜನಸಾಮಾನ್ಯರ ಚಿತ್ರಶಾಲೆಯಾಯಿತು. ಅಂಗಳದ ನಡುವೆ 1989ರಲ್ಲಿ ಉದ್ಘಾಟನೆಯಾದ ಗಾಜಿನ ಪಿರಮಿಡ್ಡೇ ಈಗ ಇದರ ಹೆಬ್ಬಾಗಿಲು. ಅದರ ಮೂಲಕ ಒಳಗಿಳಿದವರಲ್ಲಿ ಬಹುಪಾಲು ಮಂದಿ ಮೋನಾಲಿಸಾಳ ಕಡೆಗೆ ಧಾವಿಸುತ್ತಾರೆ. ಎರಡನೆಯ ಮಹಡಿಯವರೆಗೆ ಹತ್ತುವವರು ಕಡಿಮೆ. ಹದಿನೇಳು ಮತ್ತು ಹದಿನೆಂಟನೆಯ ಶತಮಾನಗಳ ಫ್ರೆಂಚ್ ವರ್ಣಚಿತ್ರಗಳ ಕೋಣೆಗಳಿರುವುದು ಅಲ್ಲಿ. ಚಿತ್ರದ ಎದುರು ಎಷ್ಟು ಹೊತ್ತು ನಿಂತರೂ ಅಲ್ಲಿ ಹಿಂದಿನಿಂದ ಯಾರೂ ತಳ್ಳುವುದಿಲ್ಲ.

ಈ ಸಂಗ್ರಹಕ್ಕೆ 2024ರಲ್ಲಿ ಒಂದು ಪುಟ್ಟ ಚಿತ್ರ ಸೇರಿತು. ಅದರ ಅಗಲ ಅರ್ಧ ಮೀಟರಿಗೂ ಕಡಿಮೆ. ಬುಟ್ಟಿಯಲ್ಲಿ ರಾಶಿ ಪೇರಿಸಿದ ಕಾಡು ಸ್ಟ್ರಾಬೆರಿ ಹಣ್ಣುಗಳು, ಪಕ್ಕದಲ್ಲಿ ಒಂದು ಲೋಟ ನೀರು, ಎರಡು ಬಿಳಿ ಹೂ, ಒಂದು ಪೀಚ್ ಹಣ್ಣು, ಎರಡು ಚೆರ್ರಿ. ಚಿತ್ರದಲ್ಲಿರುವುದು ಇಷ್ಟೇ. ಇದನ್ನು 1761ರಲ್ಲಿ ಬರೆದವನು ಶಾರ್ದಾಂ ಎಂಬ ಕಲಾವಿದ. 2022ರ ಹರಾಜಿನಲ್ಲಿ ಇದಕ್ಕೆ ಬಂದ ಬೆಲೆ ಸುಮಾರು 2 ಕೋಟಿ 44 ಲಕ್ಷ ಯೂರೊ. ಚಿತ್ರ ದೇಶ ಬಿಟ್ಟು ಹೋಗದಂತೆ ಫ್ರೆಂಚ್ ಸರ್ಕಾರ ಅದನ್ನು ರಾಷ್ಟ್ರೀಯ ನಿಧಿಯೆಂದು ಘೋಷಿಸಿತು. ದೊಡ್ಡ ದಾನಿಗಳ ಜೊತೆಗೆ ಸುಮಾರು 10 ಸಾವಿರ ಮಂದಿ ಸಾಮಾನ್ಯರು ತಮ್ಮ ಕೈಲಾದಷ್ಟು ಹಣ ಕೂಡಿಸಿ ಇದನ್ನು ಲೂವ್ರಿಗೆ ಉಳಿಸಿಕೊಟ್ಟರು.

ಶಾರ್ದಾಂನ ಕಾಲದ ಪಂಡಿತರು ಇದನ್ನು ಕೇಳಿದ್ದರೆ ಬೆರಗಾಗುತ್ತಿದ್ದರು. ಪ್ಯಾರಿಸ್ಸಿನ ರಾಜ ಚಿತ್ರಕಲಾ ಅಕಾಡೆಮಿಯಲ್ಲಿ ಚಿತ್ರಗಳಿಗೂ ಮೇಲು ಕೀಳುಗಳಿದ್ದವು. ಪುರಾಣ, ಯುದ್ಧ, ಮಹಾಪುರುಷರ ಚಿತ್ರಗಳಿಗೆ ಮೊದಲ ಪಂಕ್ತಿ. ಹಣ್ಣು ಹಂಪಲು, ಪಾತ್ರೆ ಪಡಗಗಳಿಗೆ ಕೊನೆಯ ಪಂಕ್ತಿ. 1728ರಲ್ಲಿ ಶಾರ್ದಾಂನನ್ನು ಸದಸ್ಯನಾಗಿ ಸೇರಿಸಿಕೊಂಡಾಗ ಅವನ ಹೆಸರಿನ ಮುಂದೆ ಬಂದದ್ದು ಪ್ರಾಣಿ ಮತ್ತು ಹಣ್ಣುಗಳ ಚಿತ್ರಗಾರನೆಂಬ ವಿವರಣೆ. 1740ರಲ್ಲಿ ಅವನು ದೊರೆ ಹದಿನೈದನೆಯ ಲೂಯಿಗೆ ಅರ್ಪಿಸಿದ ಚಿತ್ರವೂ ಲೂವ್ರಿನಲ್ಲಿದೆ. ಅದರಲ್ಲಿ ಒಬ್ಬ ತಾಯಿ ಇಬ್ಬರು ಮಕ್ಕಳಿಗೆ ಊಟ ಬಡಿಸುತ್ತಿದ್ದಾಳೆ. ಕಿರಿಯ ಮಗು ಕೈಮುಗಿದು, ಊಟಕ್ಕೆ ಮೊದಲು ಹೇಳುವ ಪ್ರಾರ್ಥನೆಯನ್ನು ಒಪ್ಪಿಸುತ್ತಿದೆ. ಕುರ್ಚಿಗೆ ಒಂದು ಆಟದ ಡೋಲು ನೇತುಬಿದ್ದಿದೆ. ದಿನವೂ ನಡೆಯುವ, ಯಾರೂ ಗಮನಿಸದ ಒಂದು ಗಳಿಗೆ. ಅದನ್ನು ಅವನು ಗಮನಿಸಿದ.

ಅವನಿಗಿಂತ ನೂರು ವರ್ಷ ಹಿಂದಿನವನು ಜಾರ್ಜ್ ದ ಲಾ ತೂರ್. 1642ರ ಸುಮಾರಿಗೆ ಅವನು ಬರೆದ ಚಿತ್ರದಲ್ಲಿ ಬಡಗಿ ಜೋಸೆಫ್ ಬಾಗಿ ಮರ ಕೊರೆಯುತ್ತಿದ್ದಾನೆ. ಬಾಲಕ ಏಸು ಮೇಣದ ಬತ್ತಿ ಹಿಡಿದು, ದೀಪಕ್ಕೆ ಕೈ ಅಡ್ಡ ಕೊಟ್ಟು ನಿಂತಿದ್ದಾನೆ. ಬೆಳಕು ಆ ಎಳೆಯ ಬೆರಳುಗಳನ್ನು ತೂರಿಕೊಂಡು ಕೆಂಪಾಗಿ ಹೊರಬರುತ್ತದೆ. ಕತ್ತಲೆಯಲ್ಲಿ ಟಾರ್ಚನ್ನು ಅಂಗೈಗೆ ಒತ್ತಿ ಹಿಡಿದ ಪ್ರತಿಯೊಬ್ಬ ಹುಡುಗನಿಗೂ ಇದು ಗೊತ್ತು. ನೀಲಿ ಮತ್ತು ಹಸಿರು ಬೆಳಕನ್ನು ರಕ್ತ ಹೀರಿಕೊಳ್ಳುತ್ತದೆ. ಕೆಂಪು ಬೆಳಕು ಮಾತ್ರ ಹೆಚ್ಚಾಗಿ ದಾಟಿ ಬರುತ್ತದೆ. ಕಾರಣವನ್ನು ವಿಜ್ಞಾನ ಆಮೇಲೆ ಹೇಳಿತು; ಲಾ ತೂರ್ ಅದನ್ನು ಕಣ್ಣಾರೆ ಕಂಡು, ಕಂಡಂತೆಯೇ ಬರೆದಿದ್ದ. 1652ರಲ್ಲಿ ಸತ್ತ ಈ ಕಲಾವಿದನನ್ನು ಲೋಕ ಮರೆತೇಬಿಟ್ಟಿತ್ತು. 1915ರಲ್ಲಿ ಹರ್ಮನ್ ಫೊಸ್ ಎಂಬ ಜರ್ಮನ್ ವಿದ್ವಾಂಸ ಅವನ ಚಿತ್ರಗಳನ್ನು ಗುರುತಿಸಿದ ಮೇಲೆಯೇ ಅವನಿಗೆ ಮರುಹುಟ್ಟು.

ಅದೇ ಕಾಲದ ಲೆ ನ್ಯಾಂ ಸೋದರರ ರೈತ ಕುಟುಂಬದ ಚಿತ್ರವೂ ಇಲ್ಲಿದೆ. ಮನೆಯ ಯಜಮಾನ ಒಂದು ದುಂಡು ರೊಟ್ಟಿಯನ್ನು ಎದೆಗೆ ಅವಚಿಕೊಂಡು ಕೂತಿದ್ದಾನೆ. ಮಕ್ಕಳ ಕಾಲಿಗೆ ಚಪ್ಪಲಿ ಇಲ್ಲ. ಆ ಮನೆಗಳಲ್ಲಿ ರೊಟ್ಟಿ ಎಂದರೆ ಪ್ರಾಣ.

ಮಹಡಿ ಇಳಿದು ಪಿರಮಿಡ್ಡಿನಿಂದ ಪಶ್ಚಿಮಕ್ಕೆ ಸ್ವಲ್ಪ ದೂರ ನಡೆದರೆ ತುಯ್ಲೆರಿ ಉದ್ಯಾನ. ಮಕ್ಕಳು ಆಡುವ ಈ ತೋಟದಲ್ಲಿ ಒಂದು ಸ್ಮಾರಕವಿದೆ. ಕಂಬದ ಮೇಲೆ ಒಬ್ಬ ಹಿರಿಯನ ಪ್ರತಿಮೆ; ಕೆಳಗೆ ಕೈ ಕೈ ಹಿಡಿದು ಸುತ್ತುವ ಹುಡುಗಿಯರು ಮತ್ತು ಬೂಟು ಹಾಕಿಕೊಂಡ ಬೆಕ್ಕು. ಆ ಹಿರಿಯನೇ ಶಾರ್ಲ್ ಪೆರೋ. ಸಿಂಡ್ರೆಲಾ, ಕೆಂಪು ಟೋಪಿಯ ಹುಡುಗಿ, ನೂರು ವರ್ಷ ನಿದ್ರಿಸಿದ ರಾಜಕುಮಾರಿ, ಇವರೆಲ್ಲರ ಕಥೆಗಳನ್ನು ಪುಸ್ತಕಕ್ಕೆ ತಂದವನು.

ಪೆರೋ ವೃತ್ತಿಯಿಂದ ಕಥೆಗಾರನಲ್ಲ. 1628ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ಅವನು ಹದಿನಾಲ್ಕನೆಯ ಲೂಯಿಯ ಮಂತ್ರಿ ಕೊಲ್ಬೇರನ ಕೈಕೆಳಗೆ ಅರಮನೆಗಳ ಕಟ್ಟಡ ಕೆಲಸ ನೋಡಿಕೊಳ್ಳುತ್ತಿದ್ದ ಅಧಿಕಾರಿ. ಹೊಸದಾಗಿ ಸಿಂಗರಿಸಿದ ತುಯ್ಲೆರಿ ತೋಟವನ್ನು ಜನರಿಗೆ ಮುಚ್ಚಬೇಕೆಂದು ಮಂತ್ರಿ ಯೋಚಿಸಿದಾಗ, ಬೇಡವೆಂದು ಒಪ್ಪಿಸಿದವನು ತಾನೇ ಎಂದು ಪೆರೋ ತನ್ನ ನೆನಪುಗಳಲ್ಲಿ ಬರೆದಿದ್ದಾನೆ. ಲೂವ್ರಿನ ಪೂರ್ವ ದಿಕ್ಕಿನ ಭವ್ಯ ಕಂಬಸಾಲಿನ ವಿನ್ಯಾಸದಲ್ಲಿ ಪಾಲುಗೊಂಡ ಕ್ಲೋದ್ ಪೆರೋ ಅವನ ಅಣ್ಣ. ವೈದ್ಯನೂ ಆಗಿದ್ದ ಈತನೇ ಪ್ಯಾರಿಸ್ಸಿನ ಖಗೋಳ ವೀಕ್ಷಣಾಲಯದ ಶಿಲ್ಪಿ.

ಶಾರ್ಲ್ ಪೆರೋನ ಹೆಂಡತಿ 1678ರಲ್ಲಿ ಚಿಕ್ಕ ಮಕ್ಕಳನ್ನು ಬಿಟ್ಟು ತೀರಿಕೊಂಡಳು. 1683ರಲ್ಲಿ ಕೊಲ್ಬೇರ್ ಸತ್ತ ಮೇಲೆ ಅಧಿಕಾರವೂ ಹೋಯಿತು. ಐವತ್ತೈದರ ಆ ತಂದೆ ಮಕ್ಕಳ ವಿದ್ಯಾಭ್ಯಾಸವನ್ನೇ ತನ್ನ ಕೆಲಸವನ್ನಾಗಿ ಮಾಡಿಕೊಂಡ. ಈ ನಡುವೆ ದೊಡ್ಡ ದೊಡ್ಡ ಕಾವ್ಯಗಳನ್ನೂ ಬರೆದ. ದೊರೆಯ ಯುಗವನ್ನು ಹೊಗಳಿ 1687ರಲ್ಲಿ ಬರೆದ ಕವಿತೆ ವಿದ್ವಾಂಸರ ನಡುವೆ ದೊಡ್ಡ ಜಗಳವನ್ನೇ ಹುಟ್ಟಿಸಿತು. ಇಂದು ಅದನ್ನು ಓದುವವರು ಸಂಶೋಧಕರು ಮಾತ್ರ. 1697ರಲ್ಲಿ, ಎಪ್ಪತ್ತರ ಹೊಸ್ತಿಲಲ್ಲಿ, ಎಂಟು ಕಥೆಗಳ ಒಂದು ಸಣ್ಣ ಪುಸ್ತಕ ಹೊರತಂದ. ದಾದಿಯರೂ ಅಜ್ಜಿಯರೂ ಹೇಳುವ ಕಥೆಗಳಿಗೆ ಪಂಡಿತರ ಸಭೆಯಲ್ಲಿ ಮರ್ಯಾದೆ ಇರಲಿಲ್ಲ. ಪುಸ್ತಕದ ಅರ್ಪಣೆಯ ಕೆಳಗೆ ಇದ್ದದ್ದು ಹರೆಯದ ಮಗನ ಹೆಸರು. ಆ ಮಗ 1700ರಲ್ಲಿ ಸತ್ತ. ಮೂರು ವರ್ಷಗಳ ನಂತರ ತಂದೆಯೂ.

ಈ ಕಥೆಗಳನ್ನು ಬರೀ ಕನಸಿನ ಲೋಕವೆಂದು ತಿಳಿದವರು ಮತ್ತೊಮ್ಮೆ ಓದಬೇಕು. 1693-94ರಲ್ಲಿ ಫ್ರಾನ್ಸಿನಲ್ಲಿ ಭೀಕರ ಕ್ಷಾಮ. ಹಸಿವು ಮತ್ತು ರೋಗಗಳಿಂದ 10 ಲಕ್ಷಕ್ಕೂ ಹೆಚ್ಚು ಜನ ಸತ್ತರೆಂದು ಇತಿಹಾಸಕಾರರ ಅಂದಾಜು. ಮೂರು ವರ್ಷಗಳ ನಂತರ ಬಂದ ಪುಸ್ತಕದ ಒಂದು ಕಥೆಯಲ್ಲಿ, ಬರಗಾಲದಲ್ಲಿ ಏಳು ಮಕ್ಕಳಿಗೆ ಉಣಿಸಲಾಗದ ಸೌದೆ ಕಡಿಯುವವನು ಅವರನ್ನು ಕಾಡಿನಲ್ಲಿ ಬಿಟ್ಟು ಬರುತ್ತಾನೆ. ಬಿಳಿಯ ಬೆಣಚುಕಲ್ಲುಗಳನ್ನು ದಾರಿಯುದ್ದಕ್ಕೂ ಉದುರಿಸಿಕೊಂಡು ಹೋಗಿ, ಅಣ್ಣಂದಿರನ್ನು ಮನೆಗೆ ಕರೆತರುವವನು ಎಲ್ಲರಿಗಿಂತ ಕಿರಿಯ, ಹೆಬ್ಬೆರಳಿನಷ್ಟು ಪುಟ್ಟ ಹುಡುಗ. ಎರಡನೆಯ ಸಲ ಕಲ್ಲು ಸಿಗದೆ ರೊಟ್ಟಿಯ ಚೂರು ಉದುರಿಸುತ್ತಾನೆ. ಅವನ್ನು ಹಕ್ಕಿಗಳು ತಿಂದುಬಿಡುತ್ತವೆ. ಲೆ ನ್ಯಾಂ ಚಿತ್ರದ ರೊಟ್ಟಿಯನ್ನು ನೋಡಿ ಬಂದವರಿಗೆ ಆ ಚೂರುಗಳ ಬೆಲೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಸಿಂಡ್ರೆಲಾ ಎಂಬ ಹೆಸರಿನ ಫ್ರೆಂಚ್ ಮೂಲದಲ್ಲಿ ಇರುವುದು ಬೂದಿ. ಒಲೆಯ ಮೂಲೆಯಲ್ಲಿ, ಬೂದಿಯಲ್ಲಿ ಕೂರುವ ಹುಡುಗಿ ಅವಳು. ಇಂಥವಳು ಕನ್ನಡದಲ್ಲೂ ಇದ್ದಾಳೆ. ಹೊನ್ನಿನ ಕೂದಲ ಚೆಲುವೆಯೊಬ್ಬಳು ಮಣ್ಣಿನ ಮುಖವಾಡದ ಹಿಂದೆ ಅಡಗಿ ಬದುಕುವ 'ಹಂಚಿ'ಯ ಜನಪದ ಕಥೆಯನ್ನು ಎ.ಕೆ. ರಾಮಾನುಜನ್ ಕನ್ನಡದ ಸಿಂಡ್ರೆಲಾ ಎಂದು ಕರೆದು ಅಭ್ಯಾಸ ಮಾಡಿದ್ದಾರೆ. ತನ್ನನ್ನು ಯಾರೂ ಸರಿಯಾಗಿ ನೋಡುತ್ತಿಲ್ಲವೆಂಬ ನೋವು ಎಲ್ಲ ಊರಿನ ಮಕ್ಕಳಿಗೂ ಒಂದೇ. ಒಂದು ದಿನ ನೋಡುವ ಕಣ್ಣು ಬಂದೇ ಬರುತ್ತದೆಂದು ಕಥೆ ಭರವಸೆ ಕೊಡುತ್ತದೆ. ಶಾರ್ದಾಂ, ಲಾ ತೂರ್ ಚಿತ್ರಗಳು ಮಾಡುವುದೂ ಅದನ್ನೇ; ಕಡೆಗಣ್ಣಿನಿಂದಲೂ ಯಾರೂ ನೋಡದ ಮಗುವನ್ನು, ಬುಟ್ಟಿಯನ್ನು, ದೀಪವನ್ನು ನೇರವಾಗಿ ನೋಡುತ್ತವೆ. ಅಂಕಪಟ್ಟಿಯಲ್ಲಿ ಜಾಗವಿಲ್ಲವೆಂಬ ಕಾರಣಕ್ಕೆ ಕಥೆ ಪುಸ್ತಕವನ್ನೂ ಬಣ್ಣದ ಪೆಟ್ಟಿಗೆಯನ್ನೂ ಅಟ್ಟಕ್ಕೆ ಏರಿಸುವ ಮನೆಗಳು, ಮಕ್ಕಳಿಂದ ಈ ನೋಟವನ್ನೇ ಕಸಿದುಕೊಳ್ಳುತ್ತವೆ.

ತುಯ್ಲೆರಿ ಎಂಬುದು ಒಂದು ಅರಮನೆಯ ಹೆಸರೂ ಆಗಿತ್ತು. ಲೂವ್ರಿಗೂ ತೋಟಕ್ಕೂ ನಡುವೆ ಅಡ್ಡಲಾಗಿ ನಿಂತಿದ್ದ ಆ ಅರಮನೆಗೆ 1871ರ ದಂಗೆಯಲ್ಲಿ ಬೆಂಕಿ ಬಿತ್ತು. ಅಳಿದುಳಿದ ಗೋಡೆಗಳನ್ನು 1883ರಲ್ಲಿ ಕೆಡವಿದರು. ಈಗ ಅಲ್ಲಿ ಬಯಲು. ಆ ಬಯಲನ್ನು ದಾಟಿ ಬರುವ ಮಕ್ಕಳು ತೋಟದಲ್ಲಿ ಬೂಟು ಹಾಕಿಕೊಂಡ ಬೆಕ್ಕನ್ನು ಕಂಡರೆ ಸಾಕು, ಅದರ ಕಥೆ ಏನೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.