ಅವರೆಕಾಯಿಯಿಂದ ಕಡಲೆಕಾಯಿವರೆಗೆ

ಬೆಂಗಳೂರಿಗೆ ಋತುಗಳೇ ಇಲ್ಲ, ವರ್ಷವಿಡೀ ಒಂದೇ ಹವೆ ಎಂದು ನನ್ನ ತವರಿನವರು ಆಡಿಕೊಳ್ಳುತ್ತಿದ್ದರು. ತೀರ್ಥಹಳ್ಳಿಯ ಮಳೆ ಕಂಡವರಿಗೆ ಇಲ್ಲಿಯದು ಮಳೆಯೆಂದೇ ಅನ್ನಿಸುವುದಿಲ್ಲ, ಬಿಡಿ. ಮದುವೆಯಾಗಿ ಬಸವನಗುಡಿಗೆ ಬಂದ ಮೇಲೆ ನನಗೆ ಈ ಊರಿನ ಪಂಚಾಂಗ ಓದಲು ಕಲಿಸಿದವರು ನಮ್ಮತ್ತೆ. ಕಾಲ ಬದಲಾಯಿತೆಂದು ತಿಳಿಯಲು ಅವರು ಆಕಾಶ ನೋಡುತ್ತಿರಲಿಲ್ಲ, ಗೇಟಿನ ಮುಂದೆ ಬರುವ ತಳ್ಳುಗಾಡಿ ನೋಡುತ್ತಿದ್ದರು. ಗಾಡಿಯಲ್ಲಿ ಅವರೆಕಾಯಿ ಬಂತೆಂದರೆ ಚಳಿ, ಎಳೆ ಮಾವಿನಕಾಯಿ ಬಂತೆಂದರೆ ಯುಗಾದಿ ಹತ್ತಿರ. ಹಾದಿಯಲ್ಲಿ ಹೊಂಗೆಯ ಹೂವು ಅಕ್ಕಿ ಚೆಲ್ಲಿದಂತೆ ಬಿದ್ದರೆ ಹಪ್ಪಳ ಸಂಡಿಗೆಗೆ ಹಿಟ್ಟು ಕಲಸುವ ಹೊತ್ತು.

ಆ ಮನೆ ಮಾರಾಟವಾಯಿತು. ನಾಲ್ಕು ಜನ ಮಕ್ಕಳ ಪಾಲು, ಸೋರುವ ಹೆಂಚು, ಹೆಚ್ಚು ಹೇಳುವುದಕ್ಕೇನಿಲ್ಲ. ನಿಮ್ಮಲ್ಲಿ ಬಹಳ ಜನರ ಮನೆಯ ಕಥೆಯೂ ಇದೇ ಇದ್ದೀತು. ಅತ್ತೆ ಎರಡು ಮಾತಾಡದೆ ಸಹಿ ಹಾಕಿದರು. ನಾವು ಕನಕಪುರ ರಸ್ತೆಯ ಏಳನೆಯ ಮಹಡಿಗೆ ಬಂದೆವು. ಗಾಳಿ, ಬೆಳಕು, ಲಿಫ್ಟು ಎಲ್ಲ ಇದೆ. ಆದರೆ ಒಂದು ತಿಂಗಳಾಗುವಷ್ಟರಲ್ಲಿ ಎಂಬತ್ತನಾಲ್ಕರ ಅತ್ತೆ ಅರ್ಧ ಊಟಕ್ಕೇ ಕೈ ತೊಳೆಯತೊಡಗಿದರು. ಡಾಕ್ಟರು ರಕ್ತ ನೋಡಿ ಏನೂ ಇಲ್ಲ ಎಂದರು. ಒಂದು ದಿನ ಅವರೇ ಬಾಲ್ಕನಿಯಿಂದ ಕೇಳಿದರು: "ಇದು ಯಾವ ಕಾಲವೇ? ಇಲ್ಲಿ ಕೂತರೆ ಒಂದೂ ತಿಳಿಯೋದಿಲ್ಲ."

ನಾನು ಆಟೋ ಕರೆಸಿದೆ. ನೇರವಾಗಿ ಸಜ್ಜನರಾವ್ ಸರ್ಕಲ್ಲಿಗೆ. ಹಿಮ ಬಿದ್ದ ಮೇಲಿನ ಸೊಗಡು ಅವರೆಯ ವಾಸನೆ ಗೊತ್ತಲ್ಲ ನಿಮಗೆ? ಅತ್ತೆ ಒಂದು ಕಾಯಿ ಎತ್ತಿ ಮೂಸಿ, ಸೊಗಡಿನ ಜಿಡ್ಡು ಬೆರಳಿಗೆ ಹತ್ತಿತೋ ಎಂದು ಉಜ್ಜಿ ನೋಡಿ, "ಐದು ಕಿಲೋ ಹಾಕಪ್ಪ" ಎಂದರು. ಆ ರಾತ್ರಿ ಹಿತಕಿದ ಬೇಳೆ ಸಾರು. ಎರಡನೆಯ ಸಲ ಅನ್ನ ಕೇಳಿದರು. ಸಂಕ್ರಾಂತಿಯ ಸಂಜೆ ಗವಿಪುರಕ್ಕೆ ಹೋದೆವು. ಅಲ್ಲಿಯ ಗವಿ ಗಂಗಾಧರೇಶ್ವರನ ಗುಡಿಯಲ್ಲಿ ಆ ದಿನ ಇಳಿಬಿಸಿಲು ನಂದಿಯ ಕೊಂಬುಗಳ ನಡುವೆ ಹಾದು ಬಂದು ಲಿಂಗದ ಮೇಲೆ ಬೀಳುತ್ತದೆ. ನೂಕುನುಗ್ಗಲಿನಲ್ಲಿ ನಮಗೆ ಕಂಡದ್ದು ಮುಂದಿದ್ದವರ ಬೆನ್ನು ಮಾತ್ರ. ಅತ್ತೆಗೆ ಅದೇನೂ ಬೇಸರವಾಗಲಿಲ್ಲ.

ಚೈತ್ರದಲ್ಲಿ ಕೋಟೆ ಹೈಸ್ಕೂಲು ಮೈದಾನದ ಚಪ್ಪರ. ರಾಮಸೇವಾ ಮಂಡಳಿಯ ಸಂಗೀತೋತ್ಸವ 1939ರಿಂದ ನಡೆದುಬಂದಿದೆ. ಅತ್ತೆ ಮದುವೆಗೆ ಮುಂಚೆ ಹೊರಗೆ ರಸ್ತೆಯಲ್ಲಿ ಚಾಪೆ ಹಾಸಿ ಕೇಳಿದವರಂತೆ. ಈಗ ಕುರ್ಚಿ ಸಿಕ್ಕಿತು, ಪಕ್ಕದಲ್ಲಿ ಹೆಸರುಬೇಳೆ ಕೋಸಂಬರಿ ದೊನ್ನೆ. ನಾಲ್ಕಾರು ದಿನ ಕಳೆದರೆ ಚೈತ್ರ ಪೌರ್ಣಮಿ, ತಿಗಳರ ಪೇಟೆಯ ಕರಗ. ನಡುರಾತ್ರಿ ಧರ್ಮರಾಯನ ಗುಡಿಯಿಂದ ಹೊರಡುವ ಹೂವಿನ ಕರಗವನ್ನು ಕಾಯುವ ಶಕ್ತಿ ನಮ್ಮಿಬ್ಬರಿಗೂ ಇರಲಿಲ್ಲ; ಸಂಜೆಯೇ ಹೋಗಿ ಮಲ್ಲಿಗೆಯ ರಾಶಿ ನೋಡಿ ಬಂದೆವು. ಸೊಪ್ಪು, ತರಕಾರಿ, ಹೂವು ಬೆಳೆದು ಈ ಊರಿಗೆ ಕೊಟ್ಟ ಜನ ತಿಗಳರು. ಅವರ ಕರಗ ಮಸ್ತಾನ್ ಸಾಹೇಬರ ದರ್ಗಾದಲ್ಲಿ ನಿಂತು ಮುಂದೆ ಹೋಗುತ್ತದೆ. ಇದನ್ನು ಹೇಳುವಾಗ ಅತ್ತೆಯ ದನಿಯಲ್ಲಿ ಆಶ್ಚರ್ಯವೇ ಇರುವುದಿಲ್ಲ. ಬೀಗರ ಮನೆಗೆ ಹೋಗಿ ಬಂದಂತೆ ಹೇಳುತ್ತಾರೆ.

ಆ ಇಕ್ಕಟ್ಟಾದ ಪೇಟೆ ಬೀದಿಗಳಲ್ಲಿ ನಡೆಯುವಾಗ ಅವರೊಂದು ಸಂಗತಿ ಹೇಳಿದರು. ನಮ್ಮ ಮಾವನವರ ಅಜ್ಜ ಇಲ್ಲಿಯೇ ಇದ್ದವರು. 1898ರಲ್ಲಿ ಪ್ಲೇಗು ಬಂದು ಒಂದೊಂದು ಮನೆಯಿಂದ ಎರಡು ಮೂರು ಹೆಣ ಹೋದಾಗ ಜನ ಬಾಗಿಲು ಹಾಕಿಕೊಂಡು ಊರಾಚೆ ಗುಡಿಸಲು ಕಟ್ಟಿದರು. ಬಸವನಗುಡಿ, ಮಲ್ಲೇಶ್ವರ ಬೆಳೆದದ್ದು ಆ ಭಯದಿಂದ. ಅಗಲ ರಸ್ತೆ, ಮನೆ ಮನೆಯ ನಡುವೆ ಜಾಗ, ಹಿಂದೆ ಕನ್ಸರ್ವೆನ್ಸಿ ಗಲ್ಲಿ, ಇವೆಲ್ಲ ಅಂದಕ್ಕೆಂದು ಮಾಡಿದ್ದಲ್ಲ, ಗಾಳಿ ಬೆಳಕು ಆಡಲೆಂದು, ಇಲಿ ಹೆಗ್ಗಣ ಸೇರದಿರಲೆಂದು. ಪ್ಲೇಗ್ ಮಾರಮ್ಮನ ಗುಡಿಗಳು ಈ ಊರಲ್ಲಿ ಇಂದಿಗೂ ಇವೆ. "ಅವರೂ ಮನೆ ಬಿಟ್ಟೇ ಬಂದವರು" ಎಂದರು ಅತ್ತೆ, ನನ್ನ ಕಡೆ ನೋಡದೆ.

ಶ್ರಾವಣದಲ್ಲಿ ಗಾಂಧಿಬಜಾರು. ವರಮಹಾಲಕ್ಷ್ಮಿಯ ಹಿಂದಿನ ದಿನ ಸೇವಂತಿಗೆಯ ರೇಟು ಕೇಳಿದರೆ ಹೂವಿಗಿಂತ ಬಂಗಾರವೇ ಅಗ್ಗ ಅನ್ನಿಸಬೇಕು. ತಾವರೆ, ಬಾಳೆಕಂದು, ಕೇದಗೆ ಎಲ್ಲವೂ ಕಾಲಿಗೆ ತೊಡರುತ್ತವೆ. ಜಿಟಿಜಿಟಿ ಮಳೆ. ಮಾಸ್ತಿಯವರನ್ನು, ಡಿ.ವಿ.ಜಿ.ಯವರನ್ನು ಇದೇ ರಸ್ತೆಗಳಲ್ಲಿ ನಡೆದುಹೋಗುತ್ತಿದ್ದಾಗ ಅತ್ತೆ ನೋಡಿದ್ದಾರೆ. ಅವರಿಗೆ ನೆನಪಿರುವುದು ಸಾಹಿತ್ಯವಲ್ಲ, ಕೊಡೆ ಮತ್ತು ಕೋಟು. ಬಾಳೆಲೆ ಕೊಂಡು ಹೊರಟಾಗ ಆಟೋದವನಿಗೆ ಅವರೇ ದಾರಿ ಹೇಳಿದರು. ಎಡಕ್ಕೆ, ಮತ್ತೆ ಬಲಕ್ಕೆ. ನನಗೆ ಎದೆ ಹೊಡೆದುಕೊಂಡಿತು. ನಮ್ಮ ಮನೆಯ ಜಾಗದಲ್ಲಿ ತಗಡಿನ ಬೇಲಿ, ಒಳಗೆ ಎರಡಾಳು ಆಳದ ಗುಂಡಿ. ಅತ್ತೆ ಇಳಿಯಲಿಲ್ಲ. ತಲೆ ಮಾತ್ರ ಹೊರಗೆ ಹಾಕಿ ಕಾವಲಿನ ಹುಡುಗನನ್ನು ಕೇಳಿದರು: "ಬಾವಿ ಏನು ಮಾಡಿದ್ರಪ್ಪ?" ಅವನಿಗೆ ಕನ್ನಡ ತಿಳಿಯಲಿಲ್ಲ. ನಾನು ಹಿಂದಿಯಲ್ಲಿ ಕೇಳಿದೆ. ಮುಚ್ಚಿಬಿಟ್ಟರು ಎಂದ. "ಒಂದು ಹಿಡಿ ಅರಿಶಿನ ಕುಂಕುಮ ಹಾಕಿ ಮುಚ್ಚಿದರೋ, ಹಾಗೇ ಮುಚ್ಚಿದರೋ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಇದನ್ನು ಹಿಂದಿಯಲ್ಲಿ ಕೇಳಲು ನನಗೆ ಬರಲಿಲ್ಲ. ಮಾರನೆಯ ದಿನ ಕಲಶಕ್ಕೆ ನೀರು ತುಂಬುವಾಗ ನಲ್ಲಿ ತಿರುಗಿಸಿದವರೂ ಅವರೇ.

ಕಾರ್ತಿಕದ ಹೊತ್ತಿಗೆ ಮಂಡಿ ಪೂರ್ತಿ ಸೋತಿತ್ತು. ಕಡೆಯ ಸೋಮವಾರದ ಕಡಲೆಕಾಯಿ ಪರಿಷೆಗೆ ನನ್ನನ್ನೊಬ್ಬಳನ್ನೇ ಕಳಿಸಿದರು. ಸುಂಕೇನಹಳ್ಳಿಯ ರೈತರ ಬೆಳೆಯನ್ನು ಒಂದು ಬಸವ ರಾತ್ರಿಯೆಲ್ಲ ಮೇಯುತ್ತಿತ್ತು, ಅದಕ್ಕೇ ಮೊದಲ ಫಸಲು ದೊಡ್ಡ ಬಸವಣ್ಣನಿಗೆ ಎಂಬ ಕಥೆ ನಿಮಗೂ ಗೊತ್ತು. ಕಡಲೆಕಾಯಿ ಮೂಲತಃ ದಕ್ಷಿಣ ಅಮೆರಿಕದ್ದು, ಹಡಗಿನಲ್ಲಿ ಬಂದದ್ದು ಎಂದು ನನ್ನ ಮಗ ತಕರಾರು ತೆಗೆಯುತ್ತಾನೆ. "ಬಂದದ್ದನ್ನು ಬಸವಣ್ಣ ಬೇಡ ಅಂದನೇ?" ಎಂಬುದು ಅಜ್ಜಿಯ ಉತ್ತರ. ಬುಲ್ ಟೆಂಪಲ್ ರಸ್ತೆಯ ಎರಡೂ ಕಡೆ ರಾಶಿ ರಾಶಿ, ಹಸಿ, ಹುರಿದದ್ದು, ಬೇಯಿಸಿದ್ದು. ಬಸವಣ್ಣನಿಗೆ ಕೈ ಮುಗಿದು ಮೂರು ಸೇರು ಹಸಿ ಕಾಯಿ ಕೊಂಡು, ಬಸ್ಸಿನಲ್ಲಿ ನಿಂತು ಬಂದೆ.

ಅತ್ತೆ ಬಾಗಿಲಲ್ಲೇ ಕೂತಿದ್ದರು. ಚೀಲದೊಳಗೆ ಕೈ ಹಾಕಿ ಒಂದು ಕಾಯಿ ಬಿಡಿಸಿ, ಬೀಜ ಬಾಯಿಗೆ ಹಾಕಿಕೊಂಡು, "ಸೇರಿಗೆ ಎಷ್ಟು ಕೊಟ್ಟೆ?" ಎಂದರು. ಹೇಳಿದೆ.

"ಗೋಪುರ ಬರೋ ಹಾಗೆ ಅಳೆದನೋ, ಕೈಯಲ್ಲಿ ಸವರಿದನೋ?"

"ಸವರಿದ, ಅತ್ತೆ."

"ಮೋಸ ಹೋದೆ ಕಣೇ" ಎಂದು ಇನ್ನೊಂದು ಕಾಯಿ ಬಿಡಿಸಿದರು. "ಬರೋ ವರ್ಷ ನಾನೇ ಬರ್ತೀನಿ."