ಕೈ ಜಾರಿದ್ದಲ್ಲ

ಹೋದ ವರ್ಷ ಸಂಘದ ವಾರ್ಷಿಕೋತ್ಸವಕ್ಕೆ ಮ್ಯಾಕ್‌ಬೆತ್ ನಾಟಕ ಅಂತ ಗೊತ್ತಾದ ತಕ್ಷಣ ಕತ್ತಿ ಮಾಡೋ ಕೆಲಸವನ್ನ ನಾವೇ ಮೈಮೇಲೆ ಹಾಕ್ಕೊಂಡ್ವಿ. ನಾವು ಅಂದ್ರೆ ಮೆಕ್ಯಾನಿಕಲ್ಲಿನ ನಾಲ್ಕು ಜನ. ಥರ್ಮಾಕೋಲಿಗೆ ಸಿಲ್ವರ್ ಪೇಪರ್ ಅಂಟಿಸೋದು ಬ್ರಾಂಚಿಗೇ ಅವಮಾನ ಅನ್ನಿಸ್ತು. ಸ್ಕಾಟ್ಲೆಂಡಿನ ಕಥೆ ತಾನೇ, ಅಲ್ಲಿನದೇ ಕತ್ತಿ ಮಾಡೋಣ ಅಂತ ಹೊರಟ್ವಿ.

ಫೋಟೊ ನೋಡಿ ಆರಿಸಿದ್ದು ಕ್ಲೇಮೋರ್. ಗೇಲಿಕ್ ಭಾಷೆಯಲ್ಲಿ ಆ ಹೆಸರಿಗೆ ದೊಡ್ಡ ಕತ್ತಿ ಅಂತಲೇ ಅರ್ಥ. ಎರಡು ಕೈಯಲ್ಲಿ ಹಿಡಿಯುವಂಥದ್ದು, ಸುಮಾರು 140 ಸೆಂ.ಮೀ. ಉದ್ದ. ಹಿಡಿಯ ಮುಂದಿನ ಅಡ್ಡಪಟ್ಟಿ ಅಲಗಿನ ಕಡೆಗೆ ಇಳಿಜಾರಾಗಿರುತ್ತೆ, ಅದರ ಎರಡೂ ತುದಿಯಲ್ಲಿ ನಾಲ್ಕೆಸಳಿನ ಹೂವಿನಂಥ ಬಳೆಗಳು. ನಿಜವಾದ ಮ್ಯಾಕ್‌ಬೆತ್ ದೊರೆ 1057ರಲ್ಲಿ ಸತ್ತು ನಾನೂರು ವರ್ಷವಾದ ಮೇಲೆ ಬಂದ ಕತ್ತಿ ಅದು ಅನ್ನೋದು ಆಮೇಲೆ ತಿಳೀತು. ನೋಡೋಕೆ ಬಂದವರು ಯಾರೂ ಕೇಳಲಿಲ್ಲ ಬಿಡಿ.

ಗುಜರಿಯಿಂದ 50 ಮಿ.ಮೀ. ಅಗಲ, 6 ಮಿ.ಮೀ. ದಪ್ಪದ ಎಂಎಸ್ ಫ್ಲ್ಯಾಟ್ ತಂದ್ವಿ. ಅಂಚು ಮೊಂಡಾಗೇ ಬಿಟ್ಟು ತುದಿಯನ್ನ ಚೂಪು ಮಾಡಿದ್ವಿ. ಹಿಡಿಗೆ 10 ಮಿ.ಮೀ. ರಾಡ್ ಒಂದನ್ನ ಫ್ಲ್ಯಾಟಿನ ಕೊನೆಗೆ ಆರ್ಕ್ ವೆಲ್ಡ್ ಮಾಡಿದ್ವಿ. ಬೀಡ್ ಉಬ್ಬಿಕೊಂಡು ಅಸಹ್ಯವಾಗಿ ಕಾಣ್ತಿತ್ತು. ಗ್ರೈಂಡರ್ ಹಿಡಿದು ಸಮ ಮಾಡಿ, ಮೇಲೆ ಅಡ್ಡಪಟ್ಟಿ ಕೂರಿಸಿ, ಪೇಂಟ್ ಹೊಡೆದ್ವಿ. ತೂಕ ನಾಲ್ಕು ಕೆ.ಜಿ.ಗೆ ಹತ್ತಿರ. ಮ್ಯಾಕ್‌ಬೆತ್ ಆಗಿದ್ದವನಿಗೆ ಎರಡನೇ ದಿನಕ್ಕೇ ಮಣಿಕಟ್ಟು ನೋವು. "ಹಳೇ ಕಾಲದವರು ಗಟ್ಟಿಮುಟ್ಟಾಗಿದ್ರು ಮಗಾ, ನೀನೂ ಜಿಮ್‌ಗೆ ಹೋಗು" ಅಂದ್ವಿ.

ಒಂಬತ್ತನೇ ದಿನದ ಪ್ರಾಕ್ಟೀಸಿನಲ್ಲಿ ಕೊನೇ ಕಾಳಗ. ಅವನು ಬೀಸಿದ. ಟಣ್ ಅಂತ ಸದ್ದಾಯ್ತು, ಅವನ ಕೈಯಲ್ಲಿ ಹಿಡಿ ಮಾತ್ರ ಉಳಿದಿತ್ತು. ಅಲಗು ಪಕ್ಕದ ಪರದೆ ಹರಿದುಕೊಂಡು ಹೋಗಿ, ಮಾಟಗಾತಿಯರ ಪಾತ್ರದ ಮೂವರು ಫಸ್ಟ್ ಇಯರ್ ಹುಡುಗೀರು ಟೀ ಕುಡೀತಿದ್ದ ಬೆಂಚಿಗೆ ಬಡಿದು ಬಿತ್ತು. ತುದಿಯಲ್ಲಿ ಕೂತಿದ್ದವಳಿಗೂ ಅದಕ್ಕೂ ನಡುವೆ ಒಂದು ಗೇಣು ಜಾಗ. ಅವಳು ಕಪ್ ಹಿಡಿದುಕೊಂಡೇ ಕೇಳಿದಳು: "ಅಣ್ಣಾ, ಇದು ಸೀನಲ್ಲಿ ಇದೆಯಾ?"

"ಇಲ್ಲಮ್ಮ, ಕೈ ಜಾರ್ತು" ಅಂದ್ವಿ. ನಾಲ್ಕೂ ಜನ ಒಟ್ಟಿಗೇ ಅಂದ್ವಿ.

ಸಂಜೆ ಎರಡೂ ತುಂಡನ್ನ ವೆಲ್ಡಿಂಗ್ ಶಾಪಿನ ಸಾರ್ ಹತ್ರ ತಗೊಂಡು ಹೋದ್ವಿ. ಅವರು ಬೈಯಲಿಲ್ಲ. ಮುರಿದ ಜಾಗವನ್ನ ಟ್ಯೂಬ್‌ಲೈಟ್ ಕೆಳಗೆ ಹಿಡಿದರು. ಸುತ್ತ ತೆಳುವಾದ ಒಂದು ಉಂಗುರ ಮಾತ್ರ ಬೆಸೆದಿತ್ತು, ನಡುಭಾಗಕ್ಕೆ ವೆಲ್ಡ್ ತಲುಪೇ ಇರಲಿಲ್ಲ. ಆ ಉಂಗುರದಲ್ಲೂ ಅರ್ಧ ಕಪ್ಪಗಿತ್ತು, ಉಳಿದರ್ಧ ಫಳಫಳ. "ಕಪ್ಪಗಿರೋದು ಎಷ್ಟೋ ದಿನದ ಹಿಂದೆ ಬಿಟ್ಟ ಬಿರುಕು ಕಣ್ರಪ್ಪಾ. ಹೊಳೀತಿರೋದು ಇವತ್ತಿಂದು. ಬೀಡ್ ಯಾಕೆ ಗ್ರೈಂಡ್ ಮಾಡಿದ್ರಿ?" ಅಂದರು. ಚೆಂದ ಕಾಣಲಿ ಅಂತ, ಅನ್ನೋಕೆ ಬಾಯಿ ಬರಲಿಲ್ಲ. ಫಟೀಗ್ ಚಾಪ್ಟರಿನಲ್ಲಿ ನಮಗೆಲ್ಲ ಒಳ್ಳೇ ಮಾರ್ಕ್ಸ್ ಬಂದಿತ್ತು.

ಮೊದಲೇ ಓದಬೇಕಿದ್ದನ್ನ ಆಮೇಲೆ ಓದಿದ್ವಿ. ಅಸಲಿ ಕ್ಲೇಮೋರ್ ಎರಡೂವರೆ ಕೆ.ಜಿ. ಆಸುಪಾಸಿನದು. ಹಿಡಿಯ ಹತ್ತಿರ ದಪ್ಪಗಿರುವ ಅಲಗು ತುದಿಗೆ ಹೋಗ್ತಾ ತೆಳುವಾಗುತ್ತೆ, ಅದಕ್ಕೇ ತಿರುಗಿಸೋಕೆ ಬರುತ್ತೆ. ಅಲಗಿನ ಬಾಲವನ್ನ ಟ್ಯಾಂಗ್ ಅಂತಾರೆ. ಒಳ್ಳೇ ಕತ್ತಿಯಲ್ಲಿ ಅದು ಹಿಡಿಯೊಳಗೆ ಹಾದು ಹಿಂದಿನ ಗುಂಡಿನಿಂದ ಹೊರಬರುತ್ತೆ, ಅಲ್ಲಿ ಅದರ ತುದಿಯನ್ನ ರಿವೆಟ್ ತಲೆ ಥರ ಬಡಿದಿರ್ತಾರೆ. ಐರ್ಲೆಂಡಿನ ಹಳೇ ಕತ್ತಿಗಳಲ್ಲಂತೂ ಗುಂಡಿನ ಬದಲು ಒಂದು ಟೊಳ್ಳು ಬಳೆ, ಅದರ ನಡುವೆ ಟ್ಯಾಂಗ್ ಹಾದುಹೋಗೋದು ಬರಿಗಣ್ಣಿಗೇ ಕಾಣುತ್ತೆ. ನಾವು ಬಚ್ಚಿಟ್ಟ ಜಾಗವನ್ನೇ ಅವರು ತೆರೆದಿಟ್ಟಿದ್ರು.

ಇವತ್ತು ಇಂಥ ಕತ್ತಿಗಳ ನಕಲು ದೊಡ್ಡ ವ್ಯಾಪಾರ. ಗೋಡೆಗೆ ತೂಗುಹಾಕೋಕೆ ಅಂತಲೇ ಮಾಡೋ ಅಗ್ಗದ ಸ್ಟೇನ್‌ಲೆಸ್ ಕತ್ತಿಗಳಲ್ಲಿ ಎಷ್ಟೋ ಸಲ ನಮ್ಮದರ ಥರದ್ದೇ ರಾಡ್ ಇರುತ್ತೆ, ಅವನ್ನ ಬೀಸಬಾರದು. ಹಳೇ ಕಾಳಗಗಳನ್ನ ವೇಷ ಹಾಕಿ ಮತ್ತೆ ಆಡಿ ತೋರಿಸೋ ತಂಡದವರು ಹದ ಮಾಡಿದ ಹೈ ಕಾರ್ಬನ್ ಸ್ಟೀಲಿನ ಕತ್ತಿ ತಗೋತಾರೆ, ಅಂಚು ಮೊಂಡು, ತುದಿ ದುಂಡಗೆ. ಮಾಡೋರಲ್ಲಿ ಹೆಸರುವಾಸಿ ಒಬ್ಬರು ನಮ್ಮ ಡೆಹ್ರಾಡೂನಿನ ವಿಂಡ್‌ಲಾಸ್, 1943ರಿಂದ ಇದ್ದಾರೆ. ಸ್ಕಾಟ್ಲೆಂಡಿನ ಕತ್ತಿ ಡೆಹ್ರಾಡೂನಲ್ಲಾ ಅಂತ ನಕ್ಕಿದ್ವಿ. ಆದರೆ ಬೆರಳು ಕಾಯೋ ಲೋಹದ ಬುಟ್ಟಿಯಿರೋ ಆ ಪ್ರಸಿದ್ಧ ಹೈಲ್ಯಾಂಡ್ ಕತ್ತಿಗಳಲ್ಲೂ ಅಲಗು ಬಹಳ ಸಲ ಜರ್ಮನಿಯಿಂದ ಬಂದದ್ದೇ. ಬುಟ್ಟಿ ಮಾತ್ರ ಸ್ಕಾಟ್ಲೆಂಡಿನದು.

ನಾಟಕ ಮರದ ಕತ್ತಿಯಲ್ಲೇ ಆಯ್ತು, ಚಪ್ಪಾಳೆಯೂ ಬಿತ್ತು. ಮೊನ್ನೆ ಜೂನಿಯರ್ಸ್ ಬಂದು "ಅಣ್ಣಾ, ಆ ಕಬ್ಬಿಣದ ಕತ್ತಿ ಇದ್ರೆ ಕೊಡಿ, ವೆಲ್ಡ್ ಮಾಡಿಸ್ಕೋತೀವಿ" ಅಂದರು. ಅದಕ್ಕೇ ಇದನ್ನ ಬರೆದದ್ದು. ಕತ್ತಿ ಕೊಡಲ್ಲ. ಮುರಿದ ತುದಿಗಳು ಸಾರ್ ಟೇಬಲ್ ಮೇಲಿವೆ, ಹೋಗಿ ನೋಡಿ.

ಟೀ ಕಪ್ ಹಿಡಿದು ಕೂತಿದ್ದವಳು ಈಗ ಸೆಕೆಂಡ್ ಇಯರ್, ಈ ಪತ್ರಿಕೆಯ ಪ್ರೂಫ್ ನೋಡೋಳೂ ಅವಳೇ. ಕೈ ಜಾರಿದ್ದಲ್ಲಮ್ಮ.